ಕ್ಲಾಕ್ ಮುಗಿದ ಮೇಲೆ ಟ್ರಕ್ ಕದಲಿಸಬಹುದಾ? ಪಿಸಿ, ಯಾರ್ಡ್ ಮೂವ್, ಸ್ಪ್ಲಿಟ್, ಟ್ಯಾಕ್ಸಿ: ಯಾವಾಗ ಯಾವುದು ಸರಿ

ಅಮೆರಿಕದಲ್ಲಿ ಟ್ರಕ್ ಓಡಿಸುವ ಕನ್ನಡದವರು ಕಡಿಮೆಯೇ. ಆದರೆ ಬೆಂಗಳೂರಿನಲ್ಲಿ ರಾತ್ರಿ ಪಾಳಿಯಲ್ಲಿ ಕೂತು ಅಲ್ಲಿನ ಟ್ರಕ್ ಕಂಪನಿಗಳಿಗೆ ಡಿಸ್ಪ್ಯಾಚ್ ಮಾಡುವವರು (ಯಾವ ಲೋಡ್‌ಗೆ ಯಾರು ಎಂದು ಕಳಿಸುವವರು), ಲಾಗ್ (ಡ್ರೈವರ್‌ನ ಗಂಟೆಗಳ ದಾಖಲೆ) ಪರೀಕ್ಷಿಸುವವರು ನಮ್ಮಲ್ಲಿ ಇದ್ದಾರೆ. ಡ್ರೈವರ್ ಆಗಲಿ, ಡಿಸ್ಪ್ಯಾಚರ್ ಆಗಲಿ, ಇಬ್ಬರೂ ಸಿಕ್ಕಿಕೊಳ್ಳುವುದು ಒಂದೇ ಕಡೆ. ಡ್ಯೂಟಿಯ ಗಂಟೆ, ಅಂದರೆ ಕ್ಲಾಕ್, ಮುಗಿದಿದೆ, ಆದರೆ ಟ್ರಕ್ ಕದಲಿಸಲೇಬೇಕು. ಮನೆಗೆ ಹೋಗಬೇಕು, ಊಟ ಹುಡುಕಬೇಕು, ಇಲ್ಲ ಗೋದಾಮಿನವರು ಹೊರಗೆ ಹೋಗು ಅಂತಿದ್ದಾರೆ. ಈಗ ಲಾಗ್‌ನಲ್ಲಿ ಏನೆಂದು ಹಾಕುವುದು? ಪಿಸಿನಾ (ಸ್ವಂತ ಓಡಾಟ), ಯಾರ್ಡ್ ಮೂವಾ (ಆವರಣದೊಳಗೆ ಸರಿಸುವುದು), ಡ್ರೈವಿಂಗಾ? ಟ್ರಕ್ಕನ್ನು ಅಲ್ಲೇ ಬಿಟ್ಟು ಟ್ಯಾಕ್ಸಿ ಹಿಡಿಯುವುದೇ ವಾಸಿಯಾ?

ಇದಕ್ಕೆ ಎಲ್ಲರಿಗೂ ಒಪ್ಪುವ ಒಂದೇ ಉತ್ತರ ಇಲ್ಲ. ನಿಮ್ಮ ಕೆಲಸ ಎಂಥದು, ಮನೆ ಎಷ್ಟು ದೂರ, ಟ್ರಕ್ ಯಾರದು, ವಿಮೆ ಯಾವುದು ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಆದರೆ ಯೋಚಿಸುವ ದಾರಿ ಒಂದೇ. ಮೊದಲು ಅದನ್ನು ನೋಡೋಣ.

ನಿಯಮದ ಹಿನ್ನೆಲೆ ಚುಟುಕಾಗಿ ಹೀಗಿದೆ. ಅಮೆರಿಕದ ಫೆಡರಲ್ ಸಾರಿಗೆ ಸುರಕ್ಷತಾ ಸಂಸ್ಥೆಯಾದ ಎಫ್‌ಎಂಸಿಎಸ್‌ಎ ಪ್ರಕಾರ, ಸರಕು ಸಾಗಿಸುವ ಡ್ರೈವರ್ ಸತತ 10 ಗಂಟೆ ಬಿಡುವು ಪಡೆದ ಮೇಲೆ ಹೆಚ್ಚೆಂದರೆ 11 ಗಂಟೆ ಓಡಿಸಬಹುದು. ಆ 11 ಗಂಟೆ, ಕೆಲಸ ಶುರುವಾದ ಹೊತ್ತಿನಿಂದ 14 ಗಂಟೆಗಳೊಳಗೆ ಮುಗಿಯಬೇಕು. ಈ 14ರ ಕ್ಲಾಕ್ ಒಮ್ಮೆ ಶುರುವಾದರೆ ಮಾಮೂಲಾಗಿ ನಿಲ್ಲುವುದಿಲ್ಲ. ನೀವು ಗೋದಾಮಿನ ಡಾಕ್‌ನಲ್ಲಿ (ಲೋಡ್ ಹತ್ತಿಸಿ ಇಳಿಸುವ ಕಟ್ಟೆ) ಸುಮ್ನೆ ಕೂತಿದ್ದರೂ ಅದು ಓಡುತ್ತಲೇ ಇರುತ್ತದೆ. ಇದರ ಮೇಲೆ ವಾರದ ಮಿತಿ ಬೇರೆ. 7 ದಿನಕ್ಕೆ 60 ಗಂಟೆ, ಇಲ್ಲವೇ 8 ದಿನಕ್ಕೆ 70. 2017ರ ಡಿಸೆಂಬರ್ 18ರಿಂದ ಹೆಚ್ಚಿನ ಡ್ರೈವರ್‌ಗಳಿಗೆ ಇಎಲ್‌ಡಿ ಕಡ್ಡಾಯವಾಯಿತು. ಇದು ಎಂಜಿನ್‌ಗೆ ಜೋಡಿಸಿದ ಎಲೆಕ್ಟ್ರಾನಿಕ್ ಲಾಗ್ ಸಾಧನ. ಗಂಟೆಗೆ 5 ಮೈಲಿ ದಾಟಿದರೆ ತಾನಾಗಿಯೇ ಡ್ರೈವಿಂಗ್ ಎಂದು ಬರೆದುಕೊಳ್ಳುತ್ತದೆ. ಕಾಗದದ ಲಾಗ್ ಇದ್ದಾಗ ಕಾಣದೆ ಹೋಗುತ್ತಿದ್ದ ಹತ್ತು ನಿಮಿಷದ ಓಡಾಟವೂ ಈಗ ಕಾಣುತ್ತದೆ. ಪ್ರಶ್ನೆ ಇಷ್ಟು ದೊಡ್ಡದಾಗಿದ್ದು ಅದರಿಂದಲೇ.

ಅಳೆಯಲು ಐದು ಪ್ರಶ್ನೆ

ಮೊದಲನೆಯದೇ ಎಲ್ಲಕ್ಕಿಂತ ಮುಖ್ಯ. ಈ ಚಕ್ರ ಯಾರಿಗಾಗಿ ಉರುಳುತ್ತಿದೆ? ನಿಮ್ಮ ಊಟ, ನಿದ್ದೆ, ಮನೆಗಾಗಿಯೋ, ಇಲ್ಲ ಕಂಪನಿಯ ಮುಂದಿನ ಲೋಡ್‌ಗಾಗಿಯೋ? ತುಂಬ ಜನ ದೂರದ ಲೆಕ್ಕ ಹಾಕುತ್ತಾರೆ, ಲೋಡ್ ಇದೆಯಾ ಇಲ್ವಾ ಎಂದು ನೋಡುತ್ತಾರೆ. ಅಮೆರಿಕದ ನಿಯಮದಲ್ಲಿ ಅವೆರಡೂ ನಿರ್ಣಾಯಕ ಅಲ್ಲ. ಉದ್ದೇಶವೇ ನಿರ್ಣಾಯಕ.

ಎರಡನೆಯದು, ಕ್ಲಾಕ್ ಮೇಲೆ ಏನು ಪರಿಣಾಮ? 11, 14, 70 ಇವುಗಳಲ್ಲಿ ಯಾವುದು ಕರಗುತ್ತದೆ, 10 ಗಂಟೆಯ ಬಿಡುವು ಮುರಿಯುತ್ತದೆಯೇ? ಮೂರನೆಯದು, ಕೊನೆಗೆ ನಿಮಗೆ ನಿಜವಾಗಿ ನಿದ್ದೆ ಸಿಗುತ್ತದೆಯೇ? ನಾಲ್ಕನೆಯದು ದುಡ್ಡು. ಡೀಸೆಲ್, ಟ್ಯಾಕ್ಸಿ, ಮತ್ತು ಜನ ಮರೆತುಬಿಡುವ ವಿಮೆ. ಐದನೆಯದು ಪುರಾವೆ. ರಸ್ತೆಬದಿ ತಪಾಸಣೆಯಲ್ಲಿ ಅಧಿಕಾರಿ ಅಂದಿನ ಲಾಗ್ ಜೊತೆ ಹಿಂದಿನ 7 ದಿನದ್ದನ್ನೂ ನೋಡುತ್ತಾರೆ. ಆಗ ನಿಮ್ಮ ಮಾತಿಗೆ ಲಾಗ್ ಸಾಕ್ಷಿ ಹೇಳಬೇಕು.

ಪಿಸಿ: ಎಲ್ಲರೂ ಮೊದಲು ಒತ್ತುವ ಬಟನ್

ಪಿಸಿ ಅಂದರೆ ಪರ್ಸನಲ್ ಕನ್ವೇಯನ್ಸ್. ಕೆಲಸದಿಂದ ಪೂರ್ತಿ ಬಿಡುಗಡೆಯಾದ ಡ್ರೈವರ್ ತನ್ನ ಸ್ವಂತ ಕೆಲಸಕ್ಕೆ ಟ್ರಕ್ ಬಳಸಿದರೆ ಆ ಹೊತ್ತನ್ನು ಆಫ್ ಡ್ಯೂಟಿ ಎಂದು ಬರೆಯಬಹುದು. ಈ ನಿಯಮಕ್ಕೆ ಎಫ್‌ಎಂಸಿಎಸ್‌ಎ ಕೊಟ್ಟಿದ್ದ ಹಳೆಯ ವಿವರಣೆಯಲ್ಲಿ ಟ್ರಕ್ ಖಾಲಿ ಇರಬೇಕಿತ್ತು. 2018ರಲ್ಲಿ ಎಫ್‌ಎಂಸಿಎಸ್‌ಎ ಅದನ್ನು ಬದಲಿಸಿತು. ಈಗ ಟ್ರೇಲರ್‌ನಲ್ಲಿ ಲೋಡ್ ಇದ್ದರೂ ಪಿಸಿ ಮಾಡಬಹುದು. ಆ ಹೊತ್ತಿನಲ್ಲಿ ಲೋಡ್ ಸಾಗುತ್ತಿರುವುದು ಕಂಪನಿಯ ಲಾಭಕ್ಕಲ್ಲ ಎನ್ನುವುದು ಅದರ ತರ್ಕ. ಮೈಲಿಯ ಮಿತಿಯೂ ಫೆಡರಲ್ ವಿವರಣೆಯಲ್ಲಿ ಇಲ್ಲ.

ಏನೇನು ನಡೆಯುತ್ತದೆ? ಟ್ರಕ್ ಸ್ಟಾಪ್ ಅಥವಾ ಮೋಟೆಲ್‌ನಿಂದ ಹೋಟೆಲಿಗೆ ಊಟಕ್ಕೆ, ಮನರಂಜನೆಗೆ ಹೋಗಿಬರುವುದು. ಟರ್ಮಿನಲ್‌ನಿಂದ (ಕಂಪನಿಯ ನೆಲೆ), ಟ್ರೇಲರ್ ಬಿಡುವ ಜಾಗದಿಂದ, ಕೆಲಸದ ಸೈಟಿನಿಂದ ಮನೆಗೆ ಹೋಗಿಬರುವುದು. ನಿಮ್ಮ ಮನೆ ಸಾಮಾನನ್ನು ಬಿಡುವಿನಲ್ಲಿ ಸಾಗಿಸುವುದು. ನೀವು ನಿದ್ದೆಯಲ್ಲಿದ್ದಾಗ ಪೊಲೀಸ್ ಬಂದು ಟ್ರಕ್ ತೆಗೆ ಅಂದರೆ ಪಕ್ಕಕ್ಕೆ ಸರಿಸುವುದು. ಮತ್ತು ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುವುದು: ಲೋಡ್ ಮಾಡಿಯೋ ಇಳಿಸಿಯೋ ಆದ ಮೇಲೆ ಹತ್ತಿರದ ಸುರಕ್ಷಿತ ಜಾಗಕ್ಕೆ ಹೋಗಿ ಮಲಗುವುದು.

ಏನು ನಡೆಯುವುದಿಲ್ಲ? ಮುಂದಿನ ಪಿಕಪ್‌ಗೆ ಹತ್ತಿರವಾಗಲು ದಾರಿಯಲ್ಲಿ ಸಿಗುವ ಜಾಗಗಳನ್ನು ಬಿಟ್ಟು ಮುಂದೆ ಹೋಗುವುದು. ಬಾಬ್‌ಟೇಲ್ ಆಗಿ (ಟ್ರೇಲರ್ ಇಲ್ಲದೆ), ಇಲ್ಲ ಖಾಲಿ ಟ್ರೇಲರ್ ಎಳೆದುಕೊಂಡು, ಇನ್ನೊಂದು ಲೋಡ್ ತರಲು ಹೋಗುವುದು. ರಿಪೇರಿಗೆ, ಸರ್ವಿಸ್‌ಗೆ ಟ್ರಕ್ ಒಯ್ಯುವುದು. ಲೋಡ್ ಇಳಿಸಿದ ಮೇಲೆ ಕಂಪನಿಯ ಟರ್ಮಿನಲ್‌ಗೆ ವಾಪಸ್ ಬರುವುದು. ಈ ಕೊನೆಯದರಲ್ಲಿ ತುಂಬ ಜನ ಎಡವುತ್ತಾರೆ. ಟರ್ಮಿನಲ್‌ನಿಂದ ಮನೆಗೆ ಪಿಸಿ ಆಗುತ್ತದೆ, ಗಿರಾಕಿಯ ಗೋದಾಮಿನಿಂದ ಟರ್ಮಿನಲ್‌ಗೆ ಆಗುವುದಿಲ್ಲ. ಟರ್ಮಿನಲ್‌ಗೆ ಹೋಗುವುದು ಕಂಪನಿಯ ಕೆಲಸ.

ಒಂದು ಉದಾಹರಣೆ ತೆಗೆದುಕೊಳ್ಳಿ. ಕ್ಯಾಲಿಫೋರ್ನಿಯಾದ ಫೊಂಟಾನಾದಲ್ಲಿ ಗೋದಾಮಿನವರು ರಾತ್ರಿ 10ಕ್ಕೆ ಲೋಡ್ ಇಳಿಸಿ ಮುಗಿಸಿದರು. ನಿಮ್ಮ 14 ಗಂಟೆ ಮುಗಿದಿದೆ. ಒಳಗೆ ನಿಲ್ಲಿಸಲು ಬಿಡುವುದಿಲ್ಲ. ನಾಳೆಯ ಲೋಡ್ ಇರುವುದು ಬಾರ್‌ಸ್ಟೋದಲ್ಲಿ. ಪಕ್ಕದ ಆಂಟಾರಿಯೋ ಊರಿನ ಟ್ರಕ್ ಸ್ಟಾಪ್‌ಗೆ ಹೋಗಿ ಮಲಗಿದರೆ ಅದು ಪಿಸಿ. ಅದು ತುಂಬಿದ್ದರೆ ಮುಂದಿನ ಹತ್ತಿರದ ಜಾಗ, ಅದೂ ಪಿಸಿ. ಆದರೆ ಜಾಗ ಸಿಗುವಂತಿದ್ದರೂ ಎಲ್ಲವನ್ನೂ ದಾಟಿ, ಕಹೋನ್ ಪಾಸ್ ಘಾಟಿ ಹತ್ತಿ, ಬಾರ್‌ಸ್ಟೋಗೇ ಹೋಗಿ ಮಲಗಿದರೆ ಅದು ಪಿಸಿ ಅಲ್ಲ. ಮಲಗಲೆಂದೇ ಹೋಗಿದ್ದು ಎಂದರೂ ಆಗುವುದಿಲ್ಲ. ಮೊದಲು ಸಿಗುವ ಸರಿಯಾದ ಜಾಗದಲ್ಲೇ ನಿಲ್ಲಬೇಕು ಎಂದು ವಿವರಣೆ ಹೇಳುತ್ತದೆ. ಬಾರ್‌ಸ್ಟೋದಲ್ಲಿ ಮಲಗಿದ್ದರಿಂದ ಬೆಳಿಗ್ಗೆ ಕಂಪನಿಗೆ ಅರವತ್ತು ಚಿಲ್ಲರೆ ಮೈಲಿ ಪುಕ್ಕಟೆ ಸಿಕ್ಕಿತು. ನಿಯಮ ತಡೆಯುವುದು ಅದನ್ನೇ.

ಇನ್ನೊಂದು ಗೆರೆ ನೆನಪಿಡಿ. ಗಂಟೆ ಮುಗಿದಾಗ ನೀವು ಶಿಪ್ಪರ್ (ಸರಕು ಕಳಿಸುವವರು) ಅಥವಾ ರಿಸೀವರ್ (ಪಡೆಯುವವರು) ಜಾಗದಲ್ಲಿದ್ದರೆ ಮಾತ್ರ ಹೀಗೆ ಹೊರಗೆ ಹೋಗಿ ಮಲಗಲು ಪಿಸಿ ಸಿಗುತ್ತದೆ. ಹೆದ್ದಾರಿಯಲ್ಲಿ ಓಡಿಸುತ್ತಿರುವಾಗ 11 ಗಂಟೆ ಮುಗಿದು, ಪಾರ್ಕಿಂಗ್ ಸಿಗದೆ ಪಿಸಿ ಒತ್ತಿ ಮುಂದುವರಿದರೆ ಅದು ಸುಳ್ಳು ಲಾಗ್.

ಕ್ಲಾಕ್ ಲೆಕ್ಕದಲ್ಲಿ ಪಿಸಿ ತುಂಬ ಉದಾರ. 11 ಕರಗುವುದಿಲ್ಲ, 70 ಕರಗುವುದಿಲ್ಲ. ಆಫ್ ಡ್ಯೂಟಿ ಆದ್ದರಿಂದ 10 ಗಂಟೆಯ ಬಿಡುವೂ ಮುರಿಯುವುದಿಲ್ಲ. ಆದರೆ ದಿನದ ನಡುವೆ ಪಿಸಿ ಮಾಡಿದರೆ 14ರ ಕ್ಲಾಕ್ ನಿಲ್ಲುವುದಿಲ್ಲ. ಪಿಸಿ ಒತ್ತಿದ ಕೂಡಲೇ ಎಲ್ಲಾ ನಿಂತಿತು ಅಂದುಕೊಂಡು ಮಧ್ಯಾಹ್ನ ಎರಡು ಗಂಟೆ ಅಂಗಡಿ ತಿರುಗಿದರೆ ಸಂಜೆ ಕಷ್ಟ.

ನಿದ್ದೆಯ ಲೆಕ್ಕದಲ್ಲಿ ಅದೇ ಉದಾರತೆ ಅಪಾಯ. ಟರ್ಮಿನಲ್ ಸ್ಟಾಕ್‌ಟನ್‌ನಲ್ಲಿ, ಮನೆ ಫ್ರೆಸ್ನೋದಲ್ಲಿ ಎಂದುಕೊಳ್ಳಿ. ಸುಮಾರು 125 ಮೈಲಿ. ಕ್ಯಾಲಿಫೋರ್ನಿಯಾದಲ್ಲಿ ಮೂರು ಅಥವಾ ಹೆಚ್ಚು ಆಕ್ಸಲ್‌ನ ಟ್ರಕ್‌ಗೆ ವೇಗದ ಮಿತಿ ಗಂಟೆಗೆ 55 ಮೈಲಿ. ಹೋಗಲು ಎರಡೂ ಕಾಲು ಗಂಟೆ, ಬರಲು ಅಷ್ಟೇ. 10 ಗಂಟೆಯ ಬಿಡುವಿನಲ್ಲಿ ನಾಲ್ಕೂವರೆ ಗಂಟೆ ಸ್ಟೀರಿಂಗ್ ಹಿಂದೆಯೇ ಹೋಯಿತು. ಉಳಿದ ಐದೂವರೆಯಲ್ಲಿ ಸ್ನಾನ, ಊಟ, ಮಕ್ಕಳು, ನಿದ್ದೆ. ಮೈಲಿ ಮಿತಿ ಇಲ್ಲ ನಿಜ. ಆದರೆ ದಣಿವು ಕಳೆಯುವಷ್ಟು ವಿಶ್ರಾಂತಿ ಸಿಗಬೇಕು ಎಂದು ಅದೇ ವಿವರಣೆಯಲ್ಲಿ ಇದೆ. ನನ್ನ ಪ್ರಕಾರ ದಿನಾ ಹೋಗಿಬರುವುದಾದರೆ ಒಂದು ಕಡೆಗೆ ಒಂದು ಗಂಟೆಗಿಂತ ಜಾಸ್ತಿ ಪಿಸಿ ಬೇಡ. ವಾರಕ್ಕೊಮ್ಮೆ 34 ಗಂಟೆಯ ರೀಸ್ಟಾರ್ಟ್‌ಗೆ (ವಾರದ ಲೆಕ್ಕ ಹೊಸದಾಗಿ ಶುರುವಾಗಲು ಪಡೆಯುವ ಸತತ ಬಿಡುವು) ಮನೆಗೆ ಹೋಗುವವರ ಮಾತು ಬೇರೆ. ಅಲ್ಲಿ ಎರಡು ಗಂಟೆ ಓಡಿಸಿದರೂ ಮಲಗಲು ಬೇಕಾದಷ್ಟು ಹೊತ್ತು ಉಳಿಯುತ್ತದೆ.

ಮದ್ಯದ ವಿಷಯ ಇಲ್ಲೇ ಹೇಳಬೇಕು. ಪಿಸಿಯಲ್ಲಿ ಊಟಕ್ಕೆ ಹೋಗಬಹುದು ಎಂದ ಮಾತ್ರಕ್ಕೆ ಬಿಯರ್ ಕುಡಿದು ವಾಪಸ್ ಓಡಿಸಬಹುದು ಎಂದಲ್ಲ. ವಾಣಿಜ್ಯ ವಾಹನ ಓಡಿಸುವ ಮುಂಚಿನ 4 ಗಂಟೆಯಲ್ಲಿ ಮದ್ಯ ಮುಟ್ಟುವಂತಿಲ್ಲ. ರಕ್ತದಲ್ಲಿ ಮದ್ಯ ಶೇಕಡಾ 0.04 ಎನ್ನುವ ಕಡಿಮೆ ಮಿತಿ ಪಿಸಿಯಲ್ಲೂ ಅನ್ವಯಿಸುತ್ತದೆ. ಕುಡಿಯುವ ಸಂಜೆ ಆದರೆ ಟ್ಯಾಕ್ಸಿಯೇ, ಬೇರೆ ಮಾತಿಲ್ಲ.

ಕಂಪನಿಯ ನಿಯಮ ಫೆಡರಲ್ ವಿವರಣೆಗಿಂತ ಬಿಗಿ ಇರಬಹುದು. ಪಿಸಿಯನ್ನೇ ಬೇಡ ಅನ್ನಬಹುದು, ಮೈಲಿ ಮಿತಿ ಹಾಕಬಹುದು, ಲೋಡ್ ಇದ್ದಾಗ ಬೇಡ ಅನ್ನಬಹುದು. ಇಎಲ್‌ಡಿಯಲ್ಲಿ ಆ ಬಟನ್ ಕಾಣುವಂತೆ ಮಾಡುವುದೂ ಕಂಪನಿಯೇ. ಕೆಲಸಕ್ಕೆ ಸೇರುವಾಗ ಈ ನಿಯಮವನ್ನು ಬರಹದಲ್ಲಿ ಕೇಳಿ ಪಡೆಯಿರಿ. ಡಿಸ್ಪ್ಯಾಚರ್ ಫೋನಿನಲ್ಲಿ "ಪಿಸಿ ಹಾಕ್ಕೊಂಡು ಬಂದ್ಬಿಡಿ" ಅಂದರೆ, ಆ ಮಾತೇ ಅದು ಪಿಸಿ ಅಲ್ಲ ಎನ್ನುವುದಕ್ಕೆ ಸಾಕ್ಷಿ. ಕಂಪನಿ ಕರೆದ ಕಡೆಗೆ ಹೋಗುವುದು ಸ್ವಂತ ಓಡಾಟ ಹೇಗಾಗುತ್ತದೆ? ಬೆಂಗಳೂರಿನಲ್ಲಿ ಡೆಸ್ಕ್ ಮೇಲೆ ಕೂತವರಿಗೆ ಇದನ್ನು ವಿಶೇಷವಾಗಿ ಹೇಳುತ್ತಿದ್ದೇನೆ. ನೀವು ಹೇಳಿದ ಒಂದು ವಾಕ್ಯಕ್ಕೆ ಅಲ್ಲಿ ರಸ್ತೆಬದಿಯಲ್ಲಿ ದಂಡ ಕಟ್ಟುವುದು ಇನ್ನೊಬ್ಬ ಮನುಷ್ಯ.

ಯಾರ್ಡ್ ಮೂವ್

ಇದರ ಕೆಲಸ ಸಣ್ಣದು. ಗೋದಾಮು, ಟರ್ಮಿನಲ್, ರೈಲು ಯಾರ್ಡ್‌ನಂಥ ಖಾಸಗಿ ಆವರಣದೊಳಗೆ ಟ್ರಕ್ ಸರಿಸುವುದಕ್ಕೆ. ಇದು ಆನ್ ಡ್ಯೂಟಿ, ಆದರೆ ಡ್ರೈವಿಂಗ್ ಅಲ್ಲ. ಹಾಗಾಗಿ 11 ಉಳಿಯುತ್ತದೆ, 14 ಮತ್ತು 70 ಕರಗುತ್ತವೆ. 10 ಗಂಟೆಯ ಬಿಡುವಿನ ನಡುವೆ ಮಾಡಿದರೆ ಬಿಡುವು ಮುರಿಯುತ್ತದೆ. ಗೇಟು ದಾಟಿ ಸಾರ್ವಜನಿಕ ರಸ್ತೆಗೆ ಬಂದರೆ ಈ ಬಟನ್ ಬಳಸಬೇಡಿ.

ಪಿಸಿ ಮತ್ತು ಇದರ ನಡುವೆ ಗೊಂದಲ ಆಗುವುದು ಡಾಕ್‌ನಲ್ಲಿ. ಬಿಡುವಿನಲ್ಲಿ ಮಲಗಿದ್ದಾಗ ಗೋದಾಮಿನವರು ಬಂದು "7ನೇ ಡಾಕ್‌ಗೆ ಹಾಕು" ಎಂದರೆ ಅದು ಕೆಲಸ, ಯಾರ್ಡ್ ಮೂವ್. ಎರಡು ನಿಮಿಷದ ಕೆಲಸಕ್ಕೆ ಆರು ಗಂಟೆಯ ಬಿಡುವು ಹಾಳಾಯಿತಲ್ಲ ಎಂದು ಹೊಟ್ಟೆ ಉರಿಯುತ್ತದೆ. ನಿಜಕ್ಕೂ ಅನ್ಯಾಯವೇ ಅನ್ನಿಸುತ್ತದೆ. ಆದರೆ ಅದನ್ನು ಪಿಸಿ ಎಂದು ಬರೆದರೆ ಸುಳ್ಳಾಗುತ್ತದೆ. ಸಾಧ್ಯವಾದರೆ ಮೊದಲೇ ಕೇಳಿ: ರಾತ್ರಿ ಯಾರಾದರೂ ಎಬ್ಬಿಸುತ್ತಾರಾ? ಹೌದು ಅಂದರೆ ಅಲ್ಲಿ ಬಿಡುವು ಶುರು ಮಾಡಬೇಡಿ.

ಸ್ಪ್ಲಿಟ್ ಸ್ಲೀಪರ್: ಕಲಿತರೆ ಪಿಸಿಯ ಅಗತ್ಯವೇ ಕಡಿಮೆ

ಹೊಸ ಡ್ರೈವರ್‌ಗಳು ಇದನ್ನು ಕಂಡರೆ ಹೆದರುತ್ತಾರೆ. ಆದರೆ ಡಾಕ್‌ನಲ್ಲಿ ಗಂಟೆಗಟ್ಟಲೆ ಕಾಯುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ ಎಂದೇ ನನ್ನ ಅಭಿಪ್ರಾಯ. ಸ್ಲೀಪರ್, ಅಂದರೆ ಕ್ಯಾಬಿನ್‌ನಲ್ಲಿ ಮಲಗುವ ಜಾಗ, ಇರುವ ಟ್ರಕ್ ಬೇಕು, ಅಷ್ಟೇ.

10 ಗಂಟೆಯ ಬಿಡುವನ್ನು ಎರಡು ಭಾಗ ಮಾಡಬಹುದು. ಒಂದು ಭಾಗ ಕನಿಷ್ಠ 7 ಗಂಟೆ, ಅದು ಪೂರ್ತಿ ಸ್ಲೀಪರ್‌ನಲ್ಲಿ. ಇನ್ನೊಂದು ಕನಿಷ್ಠ 2 ಗಂಟೆ, ಅದು ಸ್ಲೀಪರ್ ಆಗಲಿ, ಆಫ್ ಡ್ಯೂಟಿ ಆಗಲಿ. ಎರಡೂ ಸೇರಿ 10 ಆಗಬೇಕು. 2020ರ ಸೆಪ್ಟೆಂಬರ್ 29ರಿಂದ ಜಾರಿಗೆ ಬಂದ ಬದಲಾವಣೆಯಿಂದ, ಈ ಎರಡು ಭಾಗಗಳೂ 14ರ ಲೆಕ್ಕದಿಂದ ಹೊರಗೆ ಉಳಿಯುತ್ತವೆ.

ಲೆಕ್ಕ ಮಾಡಿ ನೋಡೋಣ. ಬೆಳಿಗ್ಗೆ 6ಕ್ಕೆ ಶುರು, 10ರವರೆಗೆ ಓಡಿಸಿ ಡಾಕ್ ತಲುಪಿದಿರಿ. ಮಧ್ಯಾಹ್ನ 1ರವರೆಗೆ ಕಾಯಿಸಿದರು. ಸುಮ್ನೆ ಕೂತರೆ ರಾತ್ರಿ 8ಕ್ಕೆ ನಿಮ್ಮ 14 ಮುಗಿಯಿತು. ಅದೇ ಮೂರು ಗಂಟೆ ಸ್ಲೀಪರ್‌ನಲ್ಲಿ ಮಲಗಿ, ಆಮೇಲೆ ರಾತ್ರಿ 7 ಗಂಟೆಯ ಸ್ಲೀಪರ್ ತೆಗೆದುಕೊಂಡರೆ, 14ರ ಗಡಿ ರಾತ್ರಿ 11ಕ್ಕೆ ಸರಿಯುತ್ತದೆ. ಗೋದಾಮಿನಿಂದ ಟ್ರಕ್ ಸ್ಟಾಪ್‌ಗೆ ಹೋಗಲು ಪಿಸಿ ಬೇಕಾಗುವ ಪ್ರಸಂಗವೇ ಬರುವುದಿಲ್ಲ. ಮಾಮೂಲಿ ಡ್ರೈವಿಂಗ್ ಆಗಿ, ನಿಮಗೆ ಬೇಕಾದ ದಿಕ್ಕಿಗೇ ಹೋಗಬಹುದು.

ಬೆಲೆ ಏನು? ಓಡಿಸುವ ಗಂಟೆ ಹೆಚ್ಚಾಗುವುದಿಲ್ಲ. 7 ಗಂಟೆ ಮಲಗಿ ಎದ್ದ ಮೇಲೆ ಲೆಕ್ಕ ಶುರುವಾಗುವುದು ಹಿಂದಿನ ದಿನ ಮಧ್ಯಾಹ್ನ 1ರಿಂದ. ಆಮೇಲೆ ನೀವು 7 ಗಂಟೆ ಓಡಿಸಿದ್ದರೆ ಬೆಳಿಗ್ಗೆ ಕೈಯಲ್ಲಿ ಉಳಿದಿರುವುದು 4 ಗಂಟೆ ಮಾತ್ರ. ಮರುದಿನ ಉದ್ದದ ಓಟ ಇದ್ದರೆ ಇದು ಕೈಕಟ್ಟುತ್ತದೆ. ಮತ್ತೆ, ಡಾಕ್‌ನಲ್ಲಿ ಮಲಗಿದ ಹೊತ್ತಿನಲ್ಲಿ ನೀವು ನಿಜವಾಗಿ ಬಿಡುವಿನಲ್ಲಿರಬೇಕು. ನಡುವೆ ಟ್ರಕ್ ಸರಿಸಲು ಕರೆದರೆ ಆ ಭಾಗ ಕೆಟ್ಟಿತು.

ಡ್ರೈವಿಂಗ್ ಎಂದೇ ಬರೆಯುವುದು

ಇದನ್ನು ಯಾರೂ ಆಯ್ಕೆ ಎಂದೇ ಲೆಕ್ಕ ಹಿಡಿಯುವುದಿಲ್ಲ. ಹಿಡಿಯಬೇಕು. ಗಂಟೆ ಉಳಿದಿದ್ದರೆ, ಉದ್ದೇಶದ ಬಗ್ಗೆ ಸ್ವಲ್ಪ ಅನುಮಾನ ಇದ್ದರೂ ಡ್ರೈವಿಂಗ್ ಎಂದೇ ಹಾಕಿ. ಹದಿನೈದು ನಿಮಿಷ ಉಳಿಸಲು ಪಿಸಿ ಒತ್ತಿ, ಆಮೇಲೆ ಅದನ್ನು ಸಮರ್ಥಿಸಿಕೊಳ್ಳುತ್ತಾ ನಿಲ್ಲುವುದು ಲಾಭದ ವ್ಯಾಪಾರ ಅಲ್ಲ.

ಹಿಮ, ಮಂಜು, ಅಪಘಾತದಿಂದ ಮುಚ್ಚಿದ ರಸ್ತೆ ಇವು ಅಡ್ಡ ಬಂದರೆ ಪ್ರತಿಕೂಲ ಸ್ಥಿತಿಯ ವಿನಾಯಿತಿ ಇದೆ. 11 ಮತ್ತು 14 ಎರಡಕ್ಕೂ 2 ಗಂಟೆಯವರೆಗೆ ಸೇರಿಸಿಕೊಳ್ಳಬಹುದು. ಆದರೆ ಹೊರಡುವಾಗ ಗೊತ್ತಿರದ, ಗೊತ್ತಾಗಲು ಸಾಧ್ಯವಿರದ ತೊಂದರೆ ಆಗಿರಬೇಕು. ಕ್ಯಾಲಿಫೋರ್ನಿಯಾದ ಡಾನರ್ ಪಾಸ್ ಘಾಟಿಯಲ್ಲಿ ಹಿಮ ಬೀಳುತ್ತದೆ ಎಂದು ಬೆಳಿಗ್ಗೆಯೇ ಹವಾಮಾನ ವರದಿ ಹೇಳಿದ್ದರೆ ಸಲ್ಲದು. ಡಾಕ್‌ನಲ್ಲಿ ಕಾಯಿಸಿದ್ದೂ ಸಲ್ಲದು.

ಹೆದ್ದಾರಿಯಲ್ಲಿ ಗಂಟೆ ಮುಗಿದು, ನಿಲ್ಲಲು ಜಾಗವೇ ಇಲ್ಲದಿದ್ದರೆ? ಸುರಕ್ಷಿತ ಜಾಗ ಸಿಗುವವರೆಗೆ ಓಡಿಸಿ, ಡ್ರೈವಿಂಗ್ ಎಂದೇ ದಾಖಲಾಗಲು ಬಿಡಿ, ಯಾಕೆ ಎಂದು ಟಿಪ್ಪಣಿ ಬರೆಯಿರಿ. ಇದು ಉಲ್ಲಂಘನೆಯೇ, ಮುಚ್ಚಿಡುವಂಥದ್ದಿಲ್ಲ. ಆದರೆ ಹತ್ತು ನಿಮಿಷ ಮೀರಿದ ಪ್ರಾಮಾಣಿಕ ಲಾಗ್ ಒಂದು ಕಡೆ, ಅದನ್ನು ಮರೆಮಾಚಿದ ಸುಳ್ಳು ಲಾಗ್ ಇನ್ನೊಂದು ಕಡೆ. ಎರಡನೆಯದು ಯಾವತ್ತೂ ಭಾರ. ಸುಳ್ಳು ಲಾಗ್ ಸಿಕ್ಕರೆ ಅಲ್ಲೇ ಔಟ್ ಆಫ್ ಸರ್ವಿಸ್ ಮಾಡಿ 10 ಗಂಟೆ ನಿಲ್ಲಿಸಬಹುದು. ಕಂಪನಿಯ ಸುರಕ್ಷತಾ ದಾಖಲೆಗೂ ಕಪ್ಪು ಚುಕ್ಕೆ. ಹಾಗೆ ನಿಲ್ಲಿಸಿದ ಮೇಲೆ, ಅಧಿಕಾರಿ ತಾವೇ ಹೇಳದ ಹೊರತು, ಮಲಗುವ ಜಾಗಕ್ಕೆ ಹೋಗಲೂ ಪಿಸಿ ಸಿಗುವುದಿಲ್ಲ.

ಪಾರ್ಕಿಂಗ್ ಕೊರತೆ ಡ್ರೈವರ್‌ಗಳ ನೆಪ ಅಲ್ಲ. 2009ರಲ್ಲಿ ಜೇಸನ್ ರಿವನ್‌ಬರ್ಗ್ ಎಂಬ ಡ್ರೈವರ್ ಡೆಲಿವರಿಗೆ ಬೇಗ ತಲುಪಿ, ನಿಲ್ಲಲು ಬೇರೆ ಜಾಗವಿಲ್ಲದೆ ದಕ್ಷಿಣ ಕೆರೊಲಿನಾದ ಒಂದು ಪಾಳುಬಿದ್ದ ಪೆಟ್ರೋಲ್ ಬಂಕ್‌ನಲ್ಲಿ ಟ್ರಕ್ ನಿಲ್ಲಿಸಿದ್ದರು. ದರೋಡೆಗೆ ಬಂದವನು ಅವರನ್ನು ಗುಂಡಿಕ್ಕಿ ಕೊಂದ. ಅವರ ಪತ್ನಿ ಹೋರಾಡಿದ್ದರಿಂದ 2012ರಲ್ಲಿ ಜೇಸನ್ಸ್ ಲಾ ಬಂತು. ಆ ಕಾನೂನಿನಡಿ ನಡೆದ ಸಮೀಕ್ಷೆಯೇ ಇಡೀ ದೇಶದಲ್ಲಿ ಟ್ರಕ್ ನಿಲ್ಲಿಸಲು ಸುಮಾರು 3,13,000 ಜಾಗ ಇವೆ ಎಂದು ಎಣಿಸಿತು. ಓಡುವ ಟ್ರಕ್‌ಗಳಿಗೆ ಅದು ಸಾಲದು. ಆದ್ದರಿಂದ ಸುರಕ್ಷಿತ ಜಾಗಕ್ಕೆ ಹೋಗಲು ಪಿಸಿ ಇರುವುದು ಒಂದು ಸವಲತ್ತಲ್ಲ, ಜೀವದ ಪ್ರಶ್ನೆ. ಅದನ್ನು ಮೈಲಿ ಕದಿಯಲು ಬಳಸಿದರೆ, ನಾಳೆ ಅದನ್ನು ಬಿಗಿ ಮಾಡುವವರಿಗೆ ನಾವೇ ಕಾರಣ ಕೊಟ್ಟಂತೆ.

ಟ್ರಕ್ ಅಲ್ಲೇ ಬಿಟ್ಟು ಹೋಗುವುದು

ಟ್ಯಾಕ್ಸಿ, ಸ್ವಂತ ಕಾರು, ಕ್ಯಾಬಿನ್‌ನಲ್ಲಿ ಮಡಚಿಟ್ಟ ಸೈಕಲ್. ಲಾಗ್‌ನಲ್ಲಿ ಒಂದೇ ಪದ: ಆಫ್ ಡ್ಯೂಟಿ. ಯಾರೂ ಪ್ರಶ್ನೆ ಕೇಳುವುದಿಲ್ಲ. 53 ಅಡಿ ಟ್ರೇಲರ್ ಎಳೆದುಕೊಂಡು ಹೋಟೆಲ್ ಮುಂದೆ ಜಾಗ ಹುಡುಕುವ ಕಷ್ಟವೂ ಇಲ್ಲ.

ದುಡ್ಡಿನ ಲೆಕ್ಕ ಜನ ಅಂದುಕೊಂಡಷ್ಟು ಒಂದೇ ಕಡೆಗಿಲ್ಲ. ದೊಡ್ಡ ಟ್ರಕ್ ಒಂದು ಗ್ಯಾಲನ್‌ಗೆ ಆರೇಳು ಮೈಲಿ ಕೊಡುತ್ತದೆ. ಹೋಗಿಬರುವ 30 ಮೈಲಿಗೆ ನಾಲ್ಕೈದು ಗ್ಯಾಲನ್ ಡೀಸೆಲ್, ಮೇಲೆ ಟೈರ್ ಸವೆತ. ರಾಜ್ಯವಾರು ಇಂಧನ ತೆರಿಗೆ ಹಂಚುವ ಇಫ್ಟಾ ಲೆಕ್ಕಕ್ಕೆ ಪಿಸಿ ಮೈಲಿಯೂ ಸೇರುತ್ತದೆ. ಕಂಪನಿ ಡ್ರೈವರ್ ಆದರೆ ಡೀಸೆಲ್ ನಿಮ್ಮದಲ್ಲ, ಟ್ಯಾಕ್ಸಿ ನಿಮ್ಮದು. ಹಾಗಾಗಿ ಪಿಸಿ ಅಗ್ಗ. ಟ್ರಕ್ ನಿಮ್ಮದೇ ಆದರೆ ಐದು ಮೈಲಿಯ ಊಟಕ್ಕೆ ಎರಡೂ ಹೆಚ್ಚು ಕಡಿಮೆ ಸಮ ಬರಬಹುದು. ಇನ್ನೂ ದೂರ ಆದರೆ ಟ್ರಕ್ಕೇ ಅಗ್ಗ.

ಇದರ ಮುಖ್ಯ ತೊಡಕು ಟ್ರಕ್ಕನ್ನು ಎಲ್ಲಿ ಬಿಡುವುದು ಎನ್ನುವುದು. ಲೋಡ್ ಇರುವ ಟ್ರೇಲರ್‌ಗೆ ಕಾವಲಿಲ್ಲದೆ ಹೋಗುವುದನ್ನು ಕೆಲವು ಗಿರಾಕಿಗಳು ಒಪ್ಪಂದದಲ್ಲೇ ನಿಷೇಧಿಸುತ್ತಾರೆ. ಔಷಧಿ, ಎಲೆಕ್ಟ್ರಾನಿಕ್ಸ್ ಲೋಡ್ ಆದರೆ ಮೊದಲು ಆ ಕಾಗದ ಓದಿ.

ವಿಮೆ: ಲೀಸ್ ಡ್ರೈವರ್‌ಗಳು ಇಲ್ಲಿ ನಿಧಾನವಾಗಿ ಓದಿ

ಸ್ವಂತ ಟ್ರಕ್ ಇಟ್ಟುಕೊಂಡು ದೊಡ್ಡ ಕಂಪನಿಗೆ ಲೀಸ್ ಆಗಿರುವವರಿಗೆ, ಕೆಲಸದ ಹೊತ್ತಿನ ಹೊಣೆಯ ವಿಮೆ ಕಂಪನಿಯದು. ಸ್ವಂತ ಓಡಾಟಕ್ಕೆ ನೀವೇ ಬೇರೆ ಪಾಲಿಸಿ ಮಾಡಿಸಬೇಕು. ಅದರಲ್ಲಿ ಎರಡು ಬಗೆ. ನಾನ್ ಟ್ರಕಿಂಗ್ ಲಯಬಿಲಿಟಿ ಎನ್ನುವುದು ಟ್ರಕ್ ವ್ಯಾಪಾರಕ್ಕೆ ಬಳಕೆಯಾಗದ ಹೊತ್ತಿಗೆ. ಬಾಬ್‌ಟೇಲ್ ವಿಮೆ ಎನ್ನುವುದು ಟ್ರೇಲರ್ ಇಲ್ಲದೆ ಓಡಿಸುವ ಹೊತ್ತಿಗೆ.

ಈಗ ಲೋಡ್ ಇರುವ ಟ್ರೇಲರ್ ಸಮೇತ ಪಿಸಿಯಲ್ಲಿ ಊಟಕ್ಕೆ ಹೋದಿರಿ, ದಾರಿಯಲ್ಲಿ ಅಪಘಾತ ಆಯಿತು. ಲಾಗ್ ಪ್ರಕಾರ ನೀವು ಬಿಡುವಿನಲ್ಲಿದ್ದಿರಿ. ಕಂಪನಿಯ ವಿಮೆಯವರು "ಅವರು ಕೆಲಸದಲ್ಲಿರಲಿಲ್ಲ" ಅನ್ನಬಹುದು. ನಿಮ್ಮ ಪಾಲಿಸಿಯವರು "ಲೋಡ್ ಇತ್ತಲ್ಲ, ಅದು ವ್ಯಾಪಾರ" ಅನ್ನಬಹುದು. ಲಾಗ್ ನಿಯಮ ಒಪ್ಪುತ್ತದೆ ಎಂದ ಮಾತ್ರಕ್ಕೆ ಪಾಲಿಸಿ ಒಪ್ಪಬೇಕೆಂದಿಲ್ಲ. ಆದ್ದರಿಂದ ಲೀಸ್‌ನವರಿಗೆ ನನ್ನ ಸಲಹೆ ಸ್ಪಷ್ಟ. ಲೋಡ್ ಸಮೇತ ಪಿಸಿಯನ್ನು ಮಲಗುವ ಜಾಗಕ್ಕೆ ಹೋಗಲು ಮಾತ್ರ ಇಟ್ಟುಕೊಳ್ಳಿ. ಊಟಕ್ಕೆ, ಅಂಗಡಿಗೆ ಟ್ಯಾಕ್ಸಿ ಹಿಡಿಯಿರಿ. ಏಜೆಂಟ್ ಹತ್ತಿರ ಇದೇ ಉದಾಹರಣೆ ಹೇಳಿ, ಉತ್ತರವನ್ನು ಇಮೇಲ್‌ನಲ್ಲಿ ಕೇಳಿ.

ಸ್ವಂತ ಅಥಾರಿಟಿ (ತಾವೇ ಕಂಪನಿಯಾಗಿ ಸರಕು ಸಾಗಿಸುವ ಪರವಾನಗಿ) ಇರುವವರಿಗೆ ಇನ್ನೊಂದು ತೊಂದರೆ. ಡ್ರೈವರ್ ನೀವೇ, ಕಂಪನಿ ನೀವೇ. ಹಾಗಾಗಿ ಸ್ವಂತ ಕೆಲಸ ಮತ್ತು ಕಂಪನಿ ಕೆಲಸದ ನಡುವಿನ ಗೆರೆ ಮಸುಕಾಗುತ್ತದೆ. ಒಂದು ಪುಟದ ಪಿಸಿ ನಿಯಮ ಬರೆದು ಫೈಲಿನಲ್ಲಿಡಿ, ಅದರಂತೆ ನಡೆಯಿರಿ.

ಹಾಗಾದರೆ ನಿಮಗೆ ಯಾವುದು?

ದಿನಾ ಸಂಜೆ ಮನೆ ಸೇರುವ ಲೋಕಲ್ ಡ್ರೈವರ್ ಆದರೆ, ಟರ್ಮಿನಲ್‌ನಲ್ಲಿ ಸ್ವಂತ ಕಾರು ಇಡುವುದು ಒಳ್ಳೆಯದು. ಕಂಪನಿ ಒಪ್ಪಿ, ಮನೆ ಹತ್ತಿರವಿದ್ದು, ಅಲ್ಲಿ ಟ್ರಕ್ ನಿಲ್ಲಿಸಲು ಊರಿನ ನಿಯಮ ಬಿಟ್ಟರೆ ಬಾಬ್‌ಟೇಲ್ ಪಿಸಿ ಸರಿ.

ವಾರಗಟ್ಟಲೆ ರಸ್ತೆಯಲ್ಲಿರುವ ಕಂಪನಿ ಡ್ರೈವರ್ ಆದರೆ ಸ್ಪ್ಲಿಟ್ ಕಲಿಯಿರಿ. ಡಾಕ್‌ನಿಂದ ಮಲಗುವ ಜಾಗಕ್ಕೆ, ಅಲ್ಲಿಂದ ಊಟಕ್ಕೆ ಪಿಸಿಯನ್ನು ಸಂಕೋಚವಿಲ್ಲದೆ ಬಳಸಿ. ಕಂಪನಿ ಬೇಡ ಅಂದಿಲ್ಲದಿದ್ದರೆ ಅದು ನಿಮ್ಮ ಹಕ್ಕು. ಸುಳ್ಳು ಲಾಗ್ ಭಯಕ್ಕೆ ಕತ್ತಲಲ್ಲಿ ರಸ್ತೆ ಪಕ್ಕ ಮಲಗುವವರನ್ನು ಕಂಡಾಗ ಬೇಸರವಾಗುತ್ತದೆ. ನಿಯಮ ಕೊಟ್ಟಿರುವುದನ್ನು ಬಿಟ್ಟುಕೊಡುವುದೂ ತಪ್ಪೇ.

ರಾಸಾಯನಿಕ, ಇಂಧನದಂಥ ಅಪಾಯಕಾರಿ ಸರಕು ಸಾಗಿಸುವವರಿಗೂ ಪಿಸಿ ಉಂಟು. ಆದರೆ ಆ ಸರಕಿನ ಪಾರ್ಕಿಂಗ್ ಮತ್ತು ದಾರಿಯ ನಿಯಮಗಳು ಬಿಡುವಿನಲ್ಲೂ ಜೊತೆಗೇ ಬರುತ್ತವೆ. ಅವರಿಗೆ ಟ್ರಕ್ ಕದಲಿಸದಿರುವುದೇ ಸಲೀಸು.

ಡೆಟ್ರಾಯ್ಟ್‌ನಿಂದ ವಿಂಡ್ಸರ್‌ಗೆ ದಾಟುವವರು ಕೆನಡಾದ ನಿಯಮ ಬೇರೆ ಎಂದು ನೆನಪಿಡಿ. ಅಲ್ಲಿ ಪಿಸಿಯ ಮಿತಿ ದಿನಕ್ಕೆ 75 ಕಿಲೋಮೀಟರ್. ಟ್ರಕ್ ಖಾಲಿ ಇರಬೇಕು, ಟ್ರೇಲರ್ ಬಿಚ್ಚಿರಬೇಕು. ಶುರುವಿನ ಮತ್ತು ಕೊನೆಯ ಓಡೋಮೀಟರ್ ದಾಖಲಾಗಬೇಕು. 75 ದಾಟಿದರೆ ಕೆನಡಾದ ಇಎಲ್‌ಡಿ ತಾನೇ ಡ್ರೈವಿಂಗ್‌ಗೆ ಬದಲಾಗುತ್ತದೆ. ಅಮೆರಿಕದಲ್ಲಿ ರೂಢಿಯಾದ ಲೋಡ್ ಸಮೇತ ಪಿಸಿಯನ್ನು ಆಂಟಾರಿಯೋ ಪ್ರಾಂತ್ಯದಲ್ಲಿ ಮಾಡಿದರೆ ನೇರ ಉಲ್ಲಂಘನೆ. ಟೊರಾಂಟೊ ಸುತ್ತಮುತ್ತ ಇದ್ದು ಎರಡೂ ಕಡೆ ಓಡಿಸುವವರು ಕೆನಡಾದ ಬಿಗಿ ನಿಯಮವನ್ನೇ ಅಭ್ಯಾಸ ಮಾಡಿಕೊಂಡರೆ ತಲೆನೋವು ಕಡಿಮೆ.

ಟಿಪ್ಪಣಿ ಹೇಗೆ ಬರೆಯುವುದು

ಯಾವುದನ್ನೇ ಆರಿಸಿದರೂ ಟಿಪ್ಪಣಿ ಹಾಕಿ. ಪಿಸಿಯಲ್ಲಿ ಇಎಲ್‌ಡಿ ನಿಮ್ಮ ಜಾಗವನ್ನು ಒಂದು ಮೈಲಿ ಬದಲು ಸುಮಾರು 10 ಮೈಲಿಯ ಅಂದಾಜಿನಲ್ಲಿ ಮಾತ್ರ ದಾಖಲಿಸುತ್ತದೆ. ಇದು ನಿಮ್ಮ ಖಾಸಗಿತನಕ್ಕೆ. ಆದರೆ ಹೊರಟ ಜಾಗ ಮತ್ತು ನಿಂತ ಜಾಗದ ನಡುವಿನ ಅಂತರ ಕಾಣುತ್ತದೆ, ಓಡೋಮೀಟರ್ ವ್ಯತ್ಯಾಸ ಕಾಣುತ್ತದೆ, ಡೀಸೆಲ್ ರಸೀದಿ, ಟೋಲ್, ಲೋಡ್ ಕಾಗದ ಎಲ್ಲವೂ ಕಂಪನಿಯ ಫೈಲಿನಲ್ಲಿ 6 ತಿಂಗಳು ಇರುತ್ತವೆ. ಮರುದಿನದ ಪಿಕಪ್ ದಿಕ್ಕಿಗೇ ಪ್ರತಿ ರಾತ್ರಿ ಪಿಸಿ ಇದ್ದರೆ ಯಾವ ಅಧಿಕಾರಿಗೂ ಅನುಮಾನ ಬರುತ್ತದೆ.

ಸುಮ್ನೆ "ಪಿಸಿ" ಎಂದು ಬರೆದರೆ ಪ್ರಯೋಜನವಿಲ್ಲ. "ರಿಸೀವರ್ ಜಾಗದಲ್ಲಿ ನಿಲ್ಲಿಸಲು ಬಿಡಲಿಲ್ಲ, ಮೊದಲ ಟ್ರಕ್ ಸ್ಟಾಪ್ ತುಂಬಿತ್ತು, ಎರಡನೆಯದಕ್ಕೆ ಹೋಗಿ ಮಲಗಿದೆ" ಎಂದು ಬರೆಯಿರಿ. ಪೊಲೀಸ್ ಎಬ್ಬಿಸಿ ಕಳಿಸಿದ್ದರೆ ಅವರ ಹೆಸರು, ಬ್ಯಾಡ್ಜ್ ಸಂಖ್ಯೆ, ಹೊತ್ತು ಸೇರಿಸಿ. ತುಂಬಿದ ಪಾರ್ಕಿಂಗ್‌ನ ಒಂದು ಫೋಟೋ ತೆಗೆದಿಡಿ, ಟ್ರಕ್ ನಿಲ್ಲಿಸಿದ ಮೇಲೆ. ಕೊನೆಗೆ, ಬೆಳಿಗ್ಗೆ ಹೊರಡುವ ಮುಂಚೆ ಪಿಸಿ ಬಟನ್ ತೆಗೆದಿದ್ದೀರಾ ಎಂದು ನೋಡಿ. ಎಂಜಿನ್ ಆಫ್ ಮಾಡಿ ಮತ್ತೆ ಆನ್ ಮಾಡಿದಾಗ ಪಿಸಿ ಮುಂದುವರಿಸಬೇಕೇ ಎಂದು ಸಾಧನ ಕೇಳುತ್ತದೆ. ನಿದ್ದೆಗಣ್ಣಿನಲ್ಲಿ ಹೌದು ಒತ್ತಿದರೆ, ಅಂದಿನ ನಿಜವಾದ ಕೆಲಸವೆಲ್ಲ ಪಿಸಿಯಲ್ಲಿ ದಾಖಲಾಗುತ್ತಾ ಹೋಗುತ್ತದೆ.